ಕಾಲಪ್ಪನ ಪೆಟ್ಟಿಗೆಯೂ ಅದರೊಳಗಿನ ಡೇಟಾಬೇಸೂ

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ, ಮನೆಮನೆಗೆ ಕಾಗದ ಹಂಚುವ ಅಂಚೆಯಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಊರುಗೋಲು. ಮಡಿಲಲ್ಲಿ ಒಂದು ಕಾಲು.

ಹೌದು, ಕಾಲೇ. ಎಡಗಾಲು. ಅದಕ್ಕೆ ಬೂಟು, ಕಾಲುಚೀಲ ಎಲ್ಲ ಹಾಕಿದ್ದು ಹಾಗೇ ಇತ್ತು.

"ಬಾಯಿ ಬಿಟ್ಟಿದೆ ತಮ್ಮಾ. ನಿನ್ನೆ ಕೊನೆ ಬೀದೀಲಿ ಟಕ್ ಅಂತು. ಅಲ್ಲೇ ಬಿಚ್ಚಿ ಕೈಯಲ್ಲಿ ಹಿಡ್ಕೊಂಡೆ. ಒಂದು ಹೆಜ್ಜೆ ಮುಂದೆ ಇಡಲಿಲ್ಲ ನೋಡು" ಎಂದಳು.

ಬಾಗಿಲು ತೆರೆದವನು ಕಾಲಪ್ಪ. ಕೃತಕ ಕಾಲು ಮಾಡುವುದು ಅವನ ಕಸುಬು. ಬೀದಿಯವರು ಕಾಲಪ್ಪ, ಕಾಲಪ್ಪ ಎಂದು ಕರೆದೂ ಕರೆದೂ, ಹೆತ್ತವರು ಇಟ್ಟ ಹೆಸರು ಅವನಿಗೆ ಸಹಿ ಹಾಕುವಾಗ ಮಾತ್ರ ನೆನಪಾಗುತ್ತಿತ್ತು. ಕೆಳಗೆ ಕೆಲಸದ ಅಂಗಡಿ, ಮೇಲೆ ಮನೆ. ಕೆಳಗೆ ಪ್ಲಾಸ್ಟರಿನ ಪುಡಿ, ಅರ, ಬಿಸಿಗಾಳಿಯ ಒಲೆ. ಮೇಲೆ ಅವನು, ಅವನ ಹೆಂಡತಿ. ಇಪ್ಪತ್ತೆರಡು ವರ್ಷಗಳಿಂದ ಹೀಗೇ ನಡೆದಿತ್ತು.

ಕಾಲಪ್ಪ ಕಾಲನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಮೊಣಕಾಲ ಕೆಳಗೆ ಉಳಿದಿರುವ ಕಾಲು ಬಂದು ಕೂರುವ ಬಟ್ಟಲು ಒಂದಿರುತ್ತದೆ. ಅದೇ ಈ ಕೆಲಸದ ಜೀವ. ಆ ಬಟ್ಟಲು ಮೇಲಿನಿಂದ ಕೆಳಗಿನವರೆಗೆ ಸೀಳಿ, ಅಗಲವಾಗಿ ಬಿಟ್ಟಿತ್ತು.

"ಇದರಿಂದ ಅಳತೆ ತೆಗೆಯೋಕಾಗಲ್ಲ. ಆಕಾರಾನೇ ಹೋಗಿದೆ. ಇರ್ಲಿ ಬಿಡಿ. ನಿಮ್ಮ ಅಳತೆ ಪೆಟ್ಟಿಗೇಲಿದೆ. ಹೊಸ ಬಟ್ಟಲು ಮಂಗಳವಾರಕ್ಕೆ ಕೊಡ್ತೀನಿ" ಎಂದ.

"ಮಂಗಳವಾರ ಖಂಡಿತ ತಾನೇ? ಬುಧವಾರ ನಾನು ಬೀದಿಗಿಳೀಬೇಕು. ನನ್ನ ಬೀದಿಗಳಿಗೆ ಬೇರೆಯವರನ್ನ ಹಾಕಿದ್ರೆ ಒಬ್ಬರ ಕಾಗದ ಇನ್ನೊಬ್ಬರ ಮನೇಲಿ ಇರತ್ತೆ."

"ಖಂಡಿತ."

ಈ ಮಾತು ಕೊಡುವಾಗ ಕಾಲಪ್ಪನಿಗೆ ಕಿಂಚಿತ್ತೂ ಅಳುಕಿರಲಿಲ್ಲ. ಅಂಚೆಯಕ್ಕನ ಮೊದಲ ಬಟ್ಟಲು ಸರಿಹೊಂದಲು ನಾಲ್ಕು ತಿಂಗಳು ಹಿಡಿದಿತ್ತು. ಎಂಟು ಸಲ ಹಾಕಿ ನೋಡಿದ್ದರು. ಮೂಳೆಯ ತುದಿ ಒತ್ತುವ ಕಡೆ ಮೂರು ಮಿಲಿಮೀಟರ್ ಗುಳಿ, ಹಿಂಬದಿಯಲ್ಲಿ ನರ ಹಾದುಹೋಗುವ ಕಡೆ ಸ್ವಲ್ಪ ಸಡಿಲ, ಬಲಗಡೆಯ ಅಂಚು ಬೆರಳಷ್ಟು ತಗ್ಗು. ಒಂದೊಂದು ಟಿಪ್ಪಣಿಯ ಹಿಂದೆಯೂ ಅವಳು ಹಲ್ಲುಕಚ್ಚಿ ನಡೆದ ಒಂದು ವಾರವಿತ್ತು, ರಕ್ತ ಒಸರಿದ ಒಂದು ಪಟ್ಟಿಯಿತ್ತು. ಅವೆಲ್ಲ ಬರೆದಿಟ್ಟದ್ದರಿಂದ ಇನ್ನೊಮ್ಮೆ ಆ ನೋವು ತಿನ್ನುವ ಅಗತ್ಯವಿರಲಿಲ್ಲ. ಹಾಗೆಂದು ಕಾಲಪ್ಪ ನಂಬಿದ್ದ.

ಬರೆದಿಟ್ಟದ್ದು ಎಲ್ಲಿ? ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ. ಅಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಒಂದು ಕಂಪ್ಯೂಟರ್ ಇತ್ತು. ಮನೆಯವರು ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು. ಮೊದಲು ಎಲ್ಲವೂ ರಟ್ಟಿನ ಕಡತಗಳಲ್ಲಿ ಇರುತ್ತಿತ್ತು. ಒಂದು ವರ್ಷ ಗೋಡೆಯ ನೀರಿನ ಕೊಳವೆ ಒಡೆದು ಅರ್ಧ ಕಡತ ಮುದ್ದೆಯಾಯಿತು. ಆಗ ಒಂದು ಕಂಪನಿಯವರು ಬಂದು, "ಎಲ್ಲ ನಮ್ಮ ಕಂಪ್ಯೂಟರ್‌ನಲ್ಲಿ ಇಡಿ, ನೀವು ಆರಾಮಾಗಿರಿ" ಎಂದಿದ್ದರು. ಹೆಂಡತಿ ಒಪ್ಪಲಿಲ್ಲ. "ಜನರ ಗಾಯದ ಫೋಟೋ, ಮೈಯ ಅಳತೆ. ನಮ್ಮನ್ನ ನಂಬಿ ತೋರಿಸಿರೋದು. ಯಾರದೋ ಮನೇಲಿ ಯಾಕಿಡಬೇಕು?" ಎಂದಳು. ಮಾತು ಸರಿಯಿತ್ತು. ಕಾಲಪ್ಪ ಯಾರ ಕೈಯೂ ಕಾಯದೆ, ಇಂಟರ್‌ನೆಟ್‌ನಲ್ಲಿ ಸಿಕ್ಕ ಸೂಚನೆಗಳನ್ನು ಸಾಲು ಸಾಲಾಗಿ ನಕಲು ಮಾಡಿ, ಉಚಿತವಾಗಿ ಸಿಗುವ ಒಂದು ಪ್ರೋಗ್ರಾಂ ಅನ್ನು ತನ್ನದೇ ಪೆಟ್ಟಿಗೆಯಲ್ಲಿ ನಿಲ್ಲಿಸಿದ. ಆ ಸೂಚನೆಗಳಲ್ಲಿ 'ಡೇಟಾಬೇಸ್' ಎಂಬ ಪದವೂ ಬಂದಿತ್ತು. ಅದನ್ನೂ ನಕಲು ಮಾಡಿದ್ದ. ಏನೆಂದು ಕೇಳಲಿಲ್ಲ.

ಅಂದು ಅಂಚೆಯಕ್ಕನನ್ನು ಕುರ್ಚಿಯಲ್ಲಿ ಕೂರಿಸಿ, ಪೆಟ್ಟಿಗೆಯ ಪರದೆ ತೆರೆದ. ಬಿಳಿಯ ಪರದೆ. ನಡುವೆ ಒಂದೇ ಸಾಲು: ಡೇಟಾಬೇಸ್ ಸಂಪರ್ಕಕ್ಕೆ ಸಿಗುತ್ತಿಲ್ಲ.

ಆರಿಸಿ ಹಚ್ಚಿದ. ಅದೇ ಸಾಲು. ತಂತಿ ಕಿತ್ತು ಸಿಕ್ಕಿಸಿದ. ಅದೇ ಸಾಲು. ನಾಲ್ಕನೆಯ ಸಲಕ್ಕೆ ಕಿವಿಯ ಹಿಂದೆ ಬೆವರು ಇಳಿಯಿತು.

ಹೆಂಡತಿ ಮೇಲಿನಿಂದ ಕಾಫಿ ತಂದವಳು ಅವನ ಮುಖ ನೋಡಿದಳು.

"ಏನಾಯ್ತು ರೀ?"

"ಏನಿಲ್ಲ. ನಿನ್ನೆ ಅಪ್‌ಡೇಟ್ ಒತ್ತಿದ್ದೆ. ಎಲ್ಲಾದಕ್ಕೂ ಒಟ್ಟಿಗೆ."

"ಯಾಕೆ ಒತ್ತಿದ್ರಿ?"

"ಕೆಂಪು ಚುಕ್ಕೆ ಬಂದಿತ್ತು."

"ಕೆಂಪು ಚುಕ್ಕೆ ಬಂದ್ರೆ ಒತ್ತಿಬಿಡೋದಾ? ಏನು ಎತ್ತ ಅಂತ ಓದಲಿಲ್ವಾ?"

"ಓದ್ತಾ ಕೂತ್ರೆ ಕಾಲು ಮಾಡೋರ್ಯಾರು? ನಾನು ಪ್ರೋಗ್ರಾಂ ಬಳಸೋನು. ಅದರ ಹೊಟ್ಟೆಯೊಳಗೆ ಏನಿದೆ ಅಂತ ತಿಳ್ಕೊಳ್ಳೋದು ನನ್ನ ಕೆಲಸಾನಾ?"

ಹೆಂಡತಿ ಮೂಲೆಗೆ ಹೋಗಿ ತಂಗಿಗೆ ಫೋನ್ ಮಾಡಿದಳು. ತಂಗಿ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಪುಸ್ತಕಗಳ ಪಟ್ಟಿ ಇರುವ ಕಂಪ್ಯೂಟರಿಗೆ ಅವಳದೇ ಉಸ್ತುವಾರಿ. ಶನಿವಾರ ಅರ್ಧ ದಿನ. "ಹನ್ನೆರಡಕ್ಕೆ ಹೊರಟು ಬರ್ತೀನಿ ಅಕ್ಕ. ಭಾವನಿಗೆ ಏನೂ ಮುಟ್ಟಬೇಡಿ ಅಂತ ಹೇಳು. ಏನೂ" ಎಂದಳು.

ಆದರೆ ಭಾವ ಸುಮ್ಮನೆ ಕೂರುವ ಪೈಕಿಯಲ್ಲ. ಅವನು ಆಗಲೇ ಇಂಟರ್‌ನೆಟ್‌ನಲ್ಲಿ ಆ ಸಾಲನ್ನು ಹುಡುಕಿ, ಯಾರೋ ಒಬ್ಬ ಹೆಸರಿಲ್ಲದವನು ಬರೆದ ಸಲಹೆಯೊಂದನ್ನು ಹಿಡಿದಿದ್ದ. 'ನನಗೂ ಹೀಗೇ ಆಗಿತ್ತು. ಡೇಟಾ ಎಂಬ ಫೋಲ್ಡರ್ ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದೆ. ಹೂವಿನ ಹಾಗೆ ನಡೆಯಿತು.' ಕೆಳಗೆ ಹತ್ತಾರು ಜನ ಧನ್ಯವಾದ ಹೇಳಿದ್ದರು.

"ಸಿಕ್ತು ನೋಡು ಮದ್ದು" ಎಂದ ಕಾಲಪ್ಪ. ಅಳಿಸುವ ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದ. ಎಂಟರ್ ಒತ್ತುವುದೊಂದು ಬಾಕಿ.

"ಅಳಿಸೋದು ಅಂದ್ರೆ ಏನನ್ನ?" ಎಂದಳು ಅಂಚೆಯಕ್ಕ ಕುರ್ಚಿಯಿಂದಲೇ.

"ಹಳೇ ಕಸ. ಚಿಂತೆ ಬೇಡ, ನನ್ನ ಹತ್ರ ಬ್ಯಾಕಪ್ ಇದೆ. ಪ್ರತಿ ಭಾನುವಾರ ಇಡೀ ಫೋಲ್ಡರನ್ನ ಈ ಡಿಸ್ಕಿಗೆ ಕಾಪಿ ಮಾಡ್ತೀನಿ. ಮೂರು ವರ್ಷ, ಒಂದು ಭಾನುವಾರ ತಪ್ಪಿಸಿಲ್ಲ."

"ತೆಗೆದು ನೋಡಿದ್ದೀರಾ ಯಾವಾಗಾದ್ರೂ?" ಎಂದಳು ಹೆಂಡತಿ.

"ಅದರಲ್ಲಿ ನೋಡೋದೇನಿದೆ? ಕಾಪಿ ಅಂದ್ರೆ ಕಾಪಿ."

ಹೆಂಡತಿ ಕೈಚಾಚಿ ಕೀಬೋರ್ಡನ್ನೇ ಎಳೆದುಕೊಂಡಳು. ತಂತಿ ಕಿತ್ತು ಬಂತು. ಅದನ್ನು ಕಂಕುಳಲ್ಲಿ ಇರುಕಿಕೊಂಡು, "ಹನ್ನೆರಡು ಗಂಟೆವರೆಗೆ ಇದು ನನ್ನ ಹತ್ರ ಇರತ್ತೆ. ನೀವು ಹೋಗಿ ಪ್ಲಾಸ್ಟರ್ ಕಲಸಿ" ಎಂದಳು.

"ನನ್ನ ಅಂಗಡೀಲಿ ನನಗೇ..."

"ಹೌದು. ನಿಮ್ಮ ಅಂಗಡೀಲಿ ನಿಮಗೇ."

ಅಂಚೆಯಕ್ಕ ಪಕ್ಕಕ್ಕೆ ತಿರುಗಿ ನಕ್ಕಳು.

ನಾದಿನಿ ಬಂದಾಗ ಹನ್ನೆರಡೂವರೆ. ಚಪ್ಪಲಿ ಬಿಟ್ಟವಳೇ ಪೆಟ್ಟಿಗೆಯ ಮುಂದೆ ಕೂತಳು. ಕೀಬೋರ್ಡ್ ಮರಳಿ ಬಂತು. ಪರದೆಯ ಮೇಲೆ ಇನ್ನೂ ಆ ಅಳಿಸುವ ಸಾಲು ನಿಂತಿತ್ತು. ಅವಳು ಅದನ್ನು ಓದಿ, ಒಂದೊಂದೇ ಅಕ್ಷರ ಅಳಿಸುತ್ತ ಹಿಂದಕ್ಕೆ ಬಂದಳು. ಆಮೇಲೆ ತಿರುಗಿ ಕೇಳಿದಳು:

"ಭಾವ, ಆ ಬ್ಯಾಕಪ್ ಡಿಸ್ಕ್ ಕೊಡಿ."

ತನ್ನ ಲ್ಯಾಪ್‌ಟಾಪಿಗೆ ಅದನ್ನು ಸಿಕ್ಕಿಸಿದಳು. ಭಾನುವಾರದ ತಾರೀಖು ಹೊತ್ತ ಫೋಲ್ಡರುಗಳು ಸಾಲಾಗಿ ಇದ್ದವು. ಕಾಲಪ್ಪ ಎದೆಯುಬ್ಬಿಸಿ ನಿಂತ. ಅವಳು ಕೊನೆಯದನ್ನು ತೆರೆದಳು. ಪ್ರೋಗ್ರಾಂ ಇತ್ತು. ಚಿತ್ರಗಳಿದ್ದವು. 'ಡೇಟಾ' ಎಂಬ ಫೋಲ್ಡರ್ ಇತ್ತು. ಅದನ್ನೂ ತೆರೆದಳು.

ಖಾಲಿ.

ಅದರ ಹಿಂದಿನ ಭಾನುವಾರ. ಖಾಲಿ. ಹೋದ ವರ್ಷದ್ದು. ಖಾಲಿ. ಮೂರು ವರ್ಷದ ಹಿಂದಿನ ಮೊಟ್ಟಮೊದಲನೆಯದು. ಅದೂ ಖಾಲಿ.

ಹಿಂದೆ ಬಿಸಿಗಾಳಿಯ ಒಲೆ ಮಾತ್ರ ಗುಂಯ್‌ಗುಡುತ್ತಿತ್ತು. ಕಾಲಪ್ಪ ಕೆಲಸದ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದು... ಹೇಗೆ?"

"ಡೇಟಾಬೇಸಿನ ಫೋಲ್ಡರಿಗೆ ಬೀಗ ಇರತ್ತೆ ಭಾವ. ಅದನ್ನ ಬೇರೆಯವರು ಓದೋ ಹಾಗಿಲ್ಲ. ನೀವು ಕಾಪಿ ಮಾಡಿದಾಗೆಲ್ಲ ಕಂಪ್ಯೂಟರ್ 'ಇದೊಂದಕ್ಕೆ ಅನುಮತಿ ಇಲ್ಲ' ಅಂತ ಒಂದು ಸಾಲು ಹೇಳಿರತ್ತೆ. ನೂರಾರು ಸಾಲಿನ ನಡುವೆ ಓಡಿಹೋಗಿರತ್ತೆ. ನೀವು ನೋಡಿರಲ್ಲ."

"ಹಾಗಾದ್ರೆ ಬೆಳಿಗ್ಗೆ ನಾನು ಎಂಟರ್ ಒತ್ತಿದ್ರೆ?"

"ನೀವು ಟೈಪ್ ಮಾಡಿದ್ದ ಆಜ್ಞೆಗೆ ಆ ಬೀಗ ಲೆಕ್ಕಕ್ಕಿಲ್ಲ ಭಾವ. ಎಲ್ಲಾ ಹೋಗ್ತಿತ್ತು" ಎಂದಳು ನಾದಿನಿ. ಅಂಚೆಯಕ್ಕನ ನಾಲ್ಕು ತಿಂಗಳ ನೋವು ಮಾತ್ರವಲ್ಲ, ಆರುನೂರ ಹನ್ನೆರಡು ಜನರ ಅಳತೆಗಳು ಆ ಒಂದು ಗುಂಡಿಯ ಕೆಳಗೆ ಇದ್ದವು. ಕಾಲಪ್ಪ ಸ್ಟೂಲಿನ ಮೇಲೆ ಕುಸಿದು ಕೂತ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು. 'ನಾನು ಹೇಳಿರಲಿಲ್ವಾ' ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನುಂಗಿಕೊಂಡಳು.

"ಡೇಟಾ ಅಲ್ಲೇ ಇದ್ಯಾ, ಹೋಯ್ತಾ? ಅಷ್ಟು ಹೇಳಮ್ಮ ಮೊದಲು" ಎಂದಳು ಅಂಚೆಯಕ್ಕ.

"ಅದನ್ನೇ ನೋಡ್ತಿದ್ದೀನಿ. ಡೇಟಾಬೇಸ್ ಯಾಕೆ ಏಳಲಿಲ್ಲ ಅಂತ ಅದೇ ಬರೆದಿಟ್ಟಿರತ್ತೆ. ದಿನಚರಿ ಇದ್ದ ಹಾಗೆ. ಅಕ್ಕ, ಬಾ ಇಲ್ಲಿ, ಈ ಕೊನೆ ಸಾಲು ಓದು."

ಹೆಂಡತಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಇಂಗ್ಲಿಷ್ ಸಾಲು. ನಿಧಾನವಾಗಿ ಕೂಡಿಸಿ ಓದಿದಳು. "ಈ ಕಡತಗಳನ್ನ ಬರೆದದ್ದು ಹದಿನಾಲ್ಕನೇ ಆವೃತ್ತಿ. ನಾನು ಹದಿನಾರನೇದು. ನನಗೆ ಇದು ಹೊಂದಲ್ಲ. ಅಷ್ಟೇನಾ?"

"ಅಷ್ಟೇ."

"ಅಂದ್ರೆ ಹೊಸಬನಿಗೆ ಹಳಬನ ಬರಹ ಓದೋಕೆ ಬರ್ತಿಲ್ಲ."

"ನೋಡಿ ಭಾವ, ಅಕ್ಕನಿಗೆ ಅರ್ಧ ನಿಮಿಷದಲ್ಲಿ ಗೊತ್ತಾಯ್ತು" ಎಂದು ನಾದಿನಿ ನಕ್ಕಳು. ಬೆಳಗಿನಿಂದ ಆ ಕೋಣೆಯಲ್ಲಿ ಕೇಳಿದ ಮೊದಲ ಸಮಾಧಾನದ ನಗು ಅದು. "ಕೇಳಿ. ನೀವು ನೋಡೋ ಪರದೆ, ಗುಂಡಿ, ಹೆಸರಿನ ಪಟ್ಟಿ, ಅದೆಲ್ಲ ಪ್ರೋಗ್ರಾಂ. ನೀವು ಬರೆದದ್ದನ್ನ ನಿಜವಾಗಿ ಜೋಡಿಸಿ ಇಟ್ಕೊಳ್ಳೋದು ಅದರ ಹಿಂದಿರೋ ಇನ್ನೊಂದು ಸಾಫ್ಟ್‌ವೇರ್. ಅದೇ ಡೇಟಾಬೇಸ್. ಎರಡೂ ಬೇರೆ ಬೇರೆಯವರು ಮಾಡಿದ್ದು. ನಿನ್ನೆ ನೀವು ಎರಡನ್ನೂ ಒಟ್ಟಿಗೆ ಹೊಸದು ಮಾಡಿದ್ರಿ. ಪ್ರೋಗ್ರಾಂ ಹೊಸದಾದ್ರೆ ಅದು ಸಾಮಾನ್ಯವಾಗಿ ತಾನೇ ಸರಿಮಾಡ್ಕೊಳ್ಳತ್ತೆ. ಈ ಡೇಟಾಬೇಸ್ ಹಾಗಲ್ಲ. ಹದಿನಾಲ್ಕರಿಂದ ಹದಿನಾರಕ್ಕೆ ಹಾರಿದ್ರೆ ಹಳೇದನ್ನ ಮೊದಲು ಹೊರಗೆ ಬರೆಸ್ಕೊಂಡು, ಹೊಸದರೊಳಗೆ ತುಂಬಬೇಕು."

"ನಾನು ಹದಿನಾರು ಅಂತ ಎಲ್ಲಿ ಕೇಳಿದೆ?"

"ಕೇಳಲಿಲ್ಲ. ಇಲ್ನೋಡಿ, ನೀವು ನಕಲು ಮಾಡಿದ ಸೂಚನೆಗಳ ಕಡತದಲ್ಲಿ ಆವೃತ್ತಿಯ ಸಂಖ್ಯೆ ಇರಬೇಕಾದ ಕಡೆ 'ಲೇಟೆಸ್ಟ್' ಅಂತ ಬರೆದಿದ್ದೀರಿ. ಅಂದ್ರೆ ಯಾವುದು ಹೊಸದೋ ಅದನ್ನ ತಾ ಅಂತ. ಅದು ತಂತು."

"ಕಡತ ಹಾಳಾಗಿಲ್ವಾ ಹಾಗಾದ್ರೆ?" ಕಾಲಪ್ಪನ ದನಿ ಮೆಲ್ಲಗಿತ್ತು.

"ಹೊಸ ಡೇಟಾಬೇಸ್ ಅದನ್ನ ಮುಟ್ಟಿಯೂ ಇಲ್ಲ. ಓದೋಕೆ ಬರಲಿಲ್ಲ ಅಂತ ಹಾಗೇ ನಿಂತಿದೆ. ಒಳ್ಳೇ ಸ್ವಭಾವದ್ದು."

ಕಾಲಪ್ಪ ಉಸಿರು ಬಿಟ್ಟ. ಆ ಉಸಿರು ಎಷ್ಟು ದೊಡ್ಡದಾಗಿತ್ತೆಂದರೆ ಮೇಜಿನ ಮೇಲಿದ್ದ ಪ್ಲಾಸ್ಟರ್ ಪುಡಿ ಹಾರಿತು.

ಆದರೂ ನಾದಿನಿ ಅವಸರ ಮಾಡಲಿಲ್ಲ. ಮೊದಲು ಎಲ್ಲವನ್ನೂ ನಿಲ್ಲಿಸಿದಳು. ನಿಂತ ಮೇಲೆ, ಬೀಗದ ಅನುಮತಿ ಪಡೆದು, ಆ ಡೇಟಾ ಫೋಲ್ಡರನ್ನು ಇದ್ದ ಹಾಗೇ ಡಿಸ್ಕಿಗೆ ನಕಲು ಮಾಡಿದಳು. ಈ ಸಲ ತೆರೆದು ನೋಡಿದಳು. ತುಂಬಿತ್ತು. "ಡೇಟಾಬೇಸ್ ನಡೀತಿರುವಾಗ ಹೀಗೆ ಕಾಪಿ ಮಾಡಿದ್ರೆ ನಂಬೋಕಾಗಲ್ಲ. ನಾವು ಕಾಪಿ ಮಾಡ್ತಿರುವಾಗಲೇ ಅದು ಇನ್ನೊಂದು ಕಡೆ ಬರೀತಿರತ್ತೆ. ಅದಕ್ಕೇ ನಿಲ್ಲಿಸಿದ್ದು" ಎಂದಳು. ಆಮೇಲೆ ಪ್ರೋಗ್ರಾಂ ಮಾಡಿದವರು ಬರೆದ ಟಿಪ್ಪಣಿ ತೆರೆದು ಓದಿದಳು. ಹೊಸ ಪ್ರೋಗ್ರಾಂ ಹದಿನಾಲ್ಕರ ಜೊತೆಯೂ ನಡೆಯುತ್ತದೆ ಎಂದು ಅದರಲ್ಲಿತ್ತು. ಅದರ ಕೆಳಗೆ, ಮೂರನೆಯ ಸಾಲಿನಲ್ಲೇ, 'ಡೇಟಾಬೇಸಿನ ದೊಡ್ಡ ಆವೃತ್ತಿ ಬದಲಿಸುವ ಮುನ್ನ ಬ್ಯಾಕಪ್ ತೆಗೆಯಿರಿ' ಎಂದೂ ಇತ್ತು. ಕಾಲಪ್ಪ ಅದನ್ನು ಎರಡು ಸಲ ಓದಿದ.

ನಾದಿನಿ 'ಲೇಟೆಸ್ಟ್' ಎಂಬ ಪದ ಅಳಿಸಿ 'ಹದಿನಾಲ್ಕು' ಎಂಬ ಅಂಕಿ ಬರೆದಳು. ಬರಿಯ ಡೇಟಾಬೇಸನ್ನು ಎಬ್ಬಿಸಿದಳು. ಎಲ್ಲರೂ ಪರದೆಯನ್ನೇ ನೋಡಿದರು. ಅಂಚೆಯಕ್ಕ ಊರುಗೋಲು ಊರಿ ಎದ್ದು ನಿಂತಿದ್ದಳು.

'ಸಿದ್ಧ' ಎಂಬ ಸಾಲು ಬಂತು.

"ಇನ್ನೂ ಪ್ರೋಗ್ರಾಂ ಬೇಡ" ಎಂದಳು ನಾದಿನಿ. "ಮೊದಲು ಡೇಟಾಬೇಸಿಗೇ ಹೇಳಿ, ಇರೋದೆಲ್ಲ ಒಂದು ಕಡತಕ್ಕೆ ಬರೆಸ್ಕೊಳ್ಳೋಣ. ನಿಜವಾದ ಬ್ಯಾಕಪ್ ಅಂದ್ರೆ ಅದು." ಎರಡು ನಿಮಿಷ ಹಿಡಿಯಿತು. ಆ ಕಡತ ಒಂದು ಡಿಸ್ಕಿಗೆ ಹೋಯಿತು, ಅವಳ ಲ್ಯಾಪ್‌ಟಾಪಿಗೂ ಹೋಯಿತು. ಆಮೇಲೆ ಪ್ರೋಗ್ರಾಂ ತೆರೆದಳು.

ಹೆಸರಿನ ಪಟ್ಟಿ ಬಂತು. ಆರುನೂರ ಹನ್ನೆರಡು.

ಕಾಲಪ್ಪ ಅಂಚೆಯಕ್ಕನ ಹೆಸರು ಒತ್ತಿದ. ಎಂಟು ಸಲದ ಟಿಪ್ಪಣಿಗಳೂ ಒಂದರ ಕೆಳಗೊಂದು ಇದ್ದವು. ಮೂರು ಮಿಲಿಮೀಟರ್ ಗುಳಿ. ಹಿಂಬದಿ ಸಡಿಲ. ಬಲ ಅಂಚು ತಗ್ಗು. ಎಂಟನೆಯ ಸಲದ ಕೆಳಗೆ ಹೆಂಡತಿ ಬರೆದ ಒಂದು ಸಾಲು: 'ಇವತ್ತು ಮೊದಲ ಬಾರಿ ನೋವಿಲ್ಲ ಅಂದರು. ಮೆಟ್ಟಿಲು ಹತ್ತಿ ತೋರಿಸಿದರು.'

ಕಾಲಪ್ಪ ಪರದೆಯನ್ನು ಅಂಚೆಯಕ್ಕನ ಕಡೆ ತಿರುಗಿಸಿದ. ಅವಳೇ ಗಟ್ಟಿಯಾಗಿ ಓದಿದಳು. ಓದಿ, "ಅವತ್ತು ನಾನು ಹತ್ತಿದ್ದು ಹನ್ನೊಂದು ಮೆಟ್ಟಿಲು" ಎಂದು ಕಣ್ಣೊರೆಸಿಕೊಂಡಳು.

ಊಟಕ್ಕೆ ಎಲ್ಲರೂ ಮೇಲೆ ಹೋದರು. ಭಯ ಇಳಿದ ಮೇಲೆ ಕಾಲಪ್ಪನಿಗೆ ಹಸಿವೂ ಬಂತು, ವಾದವೂ ಬಂತು.

"ಎಲ್ಲಾ ಸರಿ. ನೀನು ಬಂದೆ, ಉಳಿಸಿದೆ. ಆದ್ರೆ ಒಂದು ಮಾತು ಹೇಳು. ನಾನು ಕಾಲು ಮಾಡಬೇಕಾ, ಡೇಟಾಬೇಸ್ ಕಲೀಬೇಕಾ? ಅದು ಒಂದು ಓದು. ಜನ ವರ್ಷಗಟ್ಟಲೆ ಕಲೀತಾರೆ. ನಂಗೆಲ್ಲಿ ಆಗತ್ತೆ?"

ನಾದಿನಿ ತಟ್ಟೆಯಿಂದ ತಲೆಯೆತ್ತಿದಳು. "ಭಾವ, ನೀವು ಕಾಲು ಕೊಡುವಾಗ ಅಂಚೆಯಕ್ಕನಿಗೆ ಕಾಲು ಮಾಡೋದು ಹೇಳಿಕೊಟ್ರಾ?"

"ಛೆ, ಅದ್ಯಾಕೆ?"

"ಮತ್ತೆ ಏನು ಹೇಳಿದ್ರಿ?"

"ದಿನಾ ಬಿಚ್ಚಿದ ಮೇಲೆ ಚರ್ಮ ನೋಡಿ, ಕೆಂಪಾಗಿದ್ರೆ ಹಾಕಬೇಡಿ. ವಾರಕ್ಕೊಂದು ಸಲ ತಿರುಪು ಬಿಗಿ ಇದೆಯಾ ನೋಡಿ. ಬಿರುಕು, ಶಬ್ದ ಬಂದ್ರೆ ಅಲ್ಲೇ ನಿಲ್ಲಿ, ಎಳೆದುಕೊಂಡು ನಡೀಬೇಡಿ. ಯಾರೋ ಹೇಳಿದ್ರು ಅಂತ ಬಿಸಿ ಮಾಡಿ ಬಗ್ಗಿಸೋಕೆ ಹೋಗಬೇಡಿ..." ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಕೊನೆಗೆ ನಿಂತೇ ಹೋಯಿತು.

"ಯಾರೋ ಹೇಳಿದ್ರು ಅಂತ" ಎಂದಳು ಹೆಂಡತಿ, ನೀರು ಬಡಿಸುತ್ತ.

"ಅದಕ್ಕೇ ನಾನು ನಿನ್ನೆ ಅಲ್ಲೇ ನಿಂತಿದ್ದು ತಮ್ಮಾ. ಇನ್ನೆರಡು ಮನೆ ಅಂತ ನಡೆದಿದ್ರೆ ಇವತ್ತು ಚರ್ಮ ಕಿತ್ತು ಆಸ್ಪತ್ರೇಲಿ ಇರ್ತಿದ್ದೆ. ಕಾಲು ಹೇಗೆ ಮಾಡ್ತಾರೋ ನಂಗೊತ್ತಿಲ್ಲ. ನನ್ನ ಕಾಲನ್ನ ಹೇಗೆ ನೋಡ್ಕೋಬೇಕು ಅಂತ ಗೊತ್ತು" ಎಂದಳು ಅಂಚೆಯಕ್ಕ.

"ನನ್ನ ಉತ್ತರಾನೂ ಅದೇ" ಎಂದಳು ನಾದಿನಿ. "ಡೇಟಾಬೇಸ್ ಒಳಗೆ ಏನು ನಡೆಯತ್ತೆ ಅಂತ ನಿಮಗೆ ಬೇಕಿಲ್ಲ ಭಾವ. ನಂಗೂ ಪೂರ್ತಿ ಗೊತ್ತಿಲ್ಲ. ಆದ್ರೆ ನಿಮ್ಮ ಪೆಟ್ಟಿಗೇಲಿ ಇರೋದು ಯಾವ ಡೇಟಾಬೇಸ್, ಎಷ್ಟನೇ ಆವೃತ್ತಿ, ಅದು ಬರೆಯೋದು ಯಾವ ಫೋಲ್ಡರಿನಲ್ಲಿ, ಅದರ ಕೈಲೇ ಬ್ಯಾಕಪ್ ಬರೆಸ್ಕೊಳ್ಳೋದು ಹೇಗೆ, ಆ ಬ್ಯಾಕಪ್‌ನಿಂದ ಮತ್ತೆ ಎಬ್ಬಿಸೋದು ಹೇಗೆ, ಇಷ್ಟು ಗೊತ್ತಿರಬೇಕು. ಆಮೇಲೆ, ಹೊಸದು ಹಾಕೋ ಮುಂಚೆ ಒಂದು ಪುಟ ಓದೋ ತಾಳ್ಮೆ."

"ಪ್ರೋಗ್ರಾಂ ಮಾಡಿದವರು ಇದನ್ನೆಲ್ಲ ಅವರೇ ನೋಡ್ಕೋಬಾರದಾ?"

"ನೋಡ್ಕೊಂಡ್ರೆ ಒಳ್ಳೇದು. ಕೆಲವರು ಮಾಡಿಯೂ ಇರ್ತಾರೆ. ಡೇಟಾಬೇಸ್ ಬೇರೆ ಇಲ್ಲದೆ, ಎಲ್ಲಾನೂ ಒಂದೇ ಕಡತದಲ್ಲಿ ಇಡೋ ಪ್ರೋಗ್ರಾಂಗಳೂ ಇವೆ. ಒಬ್ಬಿಬ್ಬರ ಕೆಲಸಕ್ಕೆ ಅವೇ ಹಗುರ. ಆದ್ರೆ ಅದು ಹೇಗಿದೆ ಅಂತಾದ್ರೂ ನೀವು ತಿಳ್ಕೊಂಡಿರಬೇಕಲ್ಲ? ಅದೂ ಬೇಡ ಅಂದ್ರೆ, ತಿಳಿದವರ ಕೈಗೆ ಕೊಡಿ. ಅದರಲ್ಲಿ ನಾಚಿಕೆ ಏನಿಲ್ಲ. ಪೆಟ್ಟಿಗೆ ನನ್ನದು ಅಂತ ಮನೇಲಿಟ್ಕೊಂಡು, ಒಳಗಿರೋದು ನನಗೆ ಸಂಬಂಧವಿಲ್ಲ ಅನ್ನೋದು ಮಾತ್ರ ಆಗಲ್ಲ."

"ನೀನು ಇದೆಲ್ಲ ಎಲ್ಲಿ ಕಲಿತೆಯೇ?" ಎಂದಳು ಅಕ್ಕ.

ನಾದಿನಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. "ಕಳ್ಕೊಂಡು ಕಲಿತೆ. ಎರಡು ವರ್ಷದ ಹಿಂದೆ ಗ್ರಂಥಾಲಯದಲ್ಲಿ ನಾನೂ ಇಂಥದೇ ಸಲಹೆ ನಂಬಿ ಎಂಟರ್ ಒತ್ತಿದ್ದೆ. ಮೂರು ತಿಂಗಳ ಪಟ್ಟಿ ಹೋಯ್ತು. ಯಾರು ಯಾವ ಪುಸ್ತಕ ತಗೊಂಡಿದ್ದಾರೆ ಅಂತ ಮನೆಮನೆಗೆ ಹೋಗಿ ಕೇಳಿದೆ. ಒಬ್ಬ ತಾತ ಐದು ಪುಸ್ತಕ ಕೈಗಿಟ್ಟು, 'ನೀನು ಕೇಳದಿದ್ರೆ ಇವು ನನ್ನವೇ ಆಗಿಬಿಡ್ತಿದ್ವು' ಅಂದ್ರು. ಆಗ ನನ್ನ ಕೀಬೋರ್ಡ್ ಕಿತ್ಕೊಳ್ಳೋಕೆ ಯಾರೂ ಇರಲಿಲ್ಲ."

ಎಲ್ಲರೂ ಹೆಂಡತಿಯ ಕಡೆ ನೋಡಿದರು. ಅವಳು, "ಇನ್ನೊಂದು ಚೂರು ಪಲ್ಯ ಹಾಕ್ಲಾ?" ಎಂದಳು.

ಮರುದಿನ ಭಾನುವಾರ. ಮಧ್ಯಾಹ್ನ ಊಟದ ಮೇಜಿನ ಮೇಲೆ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂವರೂ ಕೂತರು. ನಾದಿನಿ ಏನನ್ನೂ ಮುಟ್ಟಲಿಲ್ಲ. ಕೈಕಟ್ಟಿ ಕೂತಳು. ಹೆಂಡತಿ ಟೈಪ್ ಮಾಡಿದಳು, ಕಾಲಪ್ಪ ಒಂದು ಕಾಗದದಿಂದ ಓದಿ ಹೇಳಿದ. ನಿನ್ನೆ ತೆಗೆದ ಬ್ಯಾಕಪ್ ಕಡತವನ್ನು ಆ ಖಾಲಿ ಲ್ಯಾಪ್‌ಟಾಪಿನ ಹೊಸ ಡೇಟಾಬೇಸಿಗೆ, ಹದಿನಾರನೆಯದಕ್ಕೆ, ತುಂಬಬೇಕು. ತುಂಬಿ, ಹೆಸರುಗಳು ಬರುತ್ತವೆಯೇ ನೋಡಬೇಕು. ಮೊದಲ ಸಲ ಎಲ್ಲೋ ಒಂದು ಅಕ್ಷರ ತಪ್ಪಿ ಅದು ಒಪ್ಪಲಿಲ್ಲ.

"ನೀವು ಸರಿಯಾಗಿ ಹೇಳಲಿಲ್ಲ."

"ನೀನು ಸರಿಯಾಗಿ ಹೊಡೀಲಿಲ್ಲ."

ನಾದಿನಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಎರಡನೆಯ ಸಲ ಸಾಲುಗಳು ಓಡಿದವು. ಆರುನೂರ ಹನ್ನೆರಡು ಹೆಸರೂ ಬಂದವು. ಹೆಂಡತಿ ಚಪ್ಪಾಳೆ ತಟ್ಟಿದಳು. ಕಾಲಪ್ಪ ನಡುವಿನಿಂದ ಯಾವುದೋ ಒಂದು ಹೆಸರು ಹಿಡಿದು, ತೆರೆದು, ಟಿಪ್ಪಣಿಗಳನ್ನು ಕೊನೆಯವರೆಗೆ ಓದಿದ. ಆಮೇಲೆ ಇನ್ನೊಂದನ್ನು. "ಇದೀಗ ಬ್ಯಾಕಪ್. ಈವರೆಗೆ ನನ್ನ ಹತ್ರ ಇದ್ದದ್ದು ಬರೀ ನಂಬಿಕೆ" ಎಂದ. ಅದೇ ಕಾಗದ ಹಿಡಿದು, ಅದೇ ಕ್ರಮದಲ್ಲಿ, ಸಂಜೆಯ ಹೊತ್ತಿಗೆ ಪೆಟ್ಟಿಗೆಯನ್ನೂ ಹದಿನಾರಕ್ಕೆ ತಂದರು. ಈ ಸಲ ಪ್ರತಿ ಸಾಲನ್ನೂ ಓದಿ, ಅರ್ಥವಾಗದ್ದನ್ನು ಕೇಳಿ, ಆಮೇಲಷ್ಟೇ ಒತ್ತಿದರು. ಆ ಕಾಗದವನ್ನು ಕಾಲಪ್ಪ ನೀಟಾಗಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಮೆಟ್ಟಿಲ ಕೆಳಗೆ ಪೆಟ್ಟಿಗೆಯ ಪಕ್ಕದಲ್ಲೇ ಅಂಟಿಸಿದ. ಡೇಟಾಬೇಸಿನ ಹೆಸರು, ಆವೃತ್ತಿಯ ಅಂಕಿ, ಫೋಲ್ಡರಿನ ದಾರಿ, ಬ್ಯಾಕಪ್ಪಿನ ಸಾಲು, ಮರಳಿ ತುಂಬುವ ಸಾಲು, ಕೊನೆಯ ಸಲ ತುಂಬಿ ನೋಡಿದ ತಾರೀಖು. ತಾರೀಖನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದ. ತಿಂಗಳಿಗೊಮ್ಮೆ ಬದಲಾಗಬೇಕಲ್ಲ.

ಸೋಮವಾರ ಅಚ್ಚು ಆಯಿತು. ಮಂಗಳವಾರ ಬಟ್ಟಲು ಆಯಿತು. ಅಂಚೆಯಕ್ಕ ಬಂದು ಹಾಕಿಕೊಂಡಳು, ಎದ್ದು ನಿಂತಳು, ತೂಕ ಎಡಕ್ಕೆ ಹಾಕಿದಳು, ಬಲಕ್ಕೆ ಹಾಕಿದಳು. ಕಾಲಪ್ಪ ನೆಲದ ಮೇಲೆ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದು ಬಂದು ಅವಳು ಹೇಳಿದ್ದು ಒಂದೇ ಮಾತು: "ನನ್ನದೇ ಕಾಲು." ಬುಧವಾರ ಅವಳ ಬೀದಿಯ ಕಾಗದಗಳು ಅವರವರ ಮನೆಗೇ ಹೋದವು.

ಓದುಗರೇ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಸಂಘದ ಕಚೇರಿಯಲ್ಲೋ ಇಂಥ ಒಂದು ಪೆಟ್ಟಿಗೆ ಇರಬಹುದು. ಮಕ್ಕಳ ಫೋಟೋ, ಸಂಘದ ಸದಸ್ಯರ ಪಟ್ಟಿ, ರೋಗಿಗಳ ವಿವರ, ಏನೋ ಒಂದನ್ನು ಬೇರೆಯವರ ಕೈಗೆ ಕೊಡಬಾರದು ಎಂದು ನೀವೇ ಇಟ್ಟುಕೊಂಡಿರಬಹುದು. ಅದು ಒಳ್ಳೆಯ ನಿರ್ಧಾರ. ಆದರೆ ಆ ನಿರ್ಧಾರದ ಜೊತೆಗೆ ಒಂದು ಚಿಕ್ಕ ಜವಾಬ್ದಾರಿಯೂ ಬಂದಿದೆ. ಡೇಟಾಬೇಸಿನ ಪಂಡಿತರಾಗಿ ಎಂದು ಯಾರೂ ಕೇಳುತ್ತಿಲ್ಲ. ಅದು ಯಾವುದು, ಎಷ್ಟನೆಯ ಆವೃತ್ತಿ, ಎಲ್ಲಿ ಬರೆಯುತ್ತದೆ ಎಂದು ತಿಳಿದುಕೊಳ್ಳಿ. 'ಲೇಟೆಸ್ಟ್' ಎಂದು ಬರೆದಿದ್ದರೆ ಅಳಿಸಿ ಈಗ ಇರುವ ಅಂಕಿಯನ್ನೇ ಬರೆಯಿರಿ. ಬ್ಯಾಕಪ್ಪನ್ನು ಡೇಟಾಬೇಸಿನಿಂದಲೇ ಬರೆಸಿಕೊಳ್ಳಿ, ಇನ್ನೊಂದು ಕಂಪ್ಯೂಟರಿನಲ್ಲಿ ತುಂಬಿ ನೋಡಿ. ಕೆಟ್ಟಾಗ ಗಾಬರಿಯಲ್ಲಿ ಏನನ್ನೂ ಅಳಿಸಬೇಡಿ. ನಿಲ್ಲಿಸಿ, ಅದು ಏನು ಹೇಳುತ್ತಿದೆ ಎಂದು ಓದಿ, ತಿಳಿದವರನ್ನು ಕರೆಯಿರಿ. ಮನೆಯಲ್ಲಿ ನಿಮ್ಮ ಜೊತೆ ಇನ್ನೊಬ್ಬರಿಗಾದರೂ ಇದನ್ನೆಲ್ಲ ಹೇಳಿಕೊಡಿ.

ಇದಕ್ಕೆ ಒಂದು ಭಾನುವಾರದ ಮಧ್ಯಾಹ್ನ ಸಾಕು. ಎಲ್ಲವೂ ಚೆನ್ನಾಗಿ ನಡೆಯುತ್ತಿರುವಾಗಲೇ, ಈ ವಾರವೇ, ಆ ಮಧ್ಯಾಹ್ನವನ್ನು ಕೊಟ್ಟುಬಿಡಿ.